ಗೇಟಿನೊಳಗೆ ಇಂಗ್ಲಿಷ್ ಕಾಡು, ಬಾಟಲಿಯೊಳಗೆ ಗಿಣ್ಣುಹಾಲು

ಯಾವ ಫ್ಲ್ಯಾಟಿಗೆ ಹೋಗಬೇಕು ಎಂದು ಸೆಕ್ಯುರಿಟಿಯವನು ಕೇಳಿದ. ಕಲ್ಲಿಗೆ ಎಂದಳು ನಮ್ಮಜ್ಜಿ ಮುನಿಯಮ್ಮ.

ಅವನು ಪಾಪ ಮೊಬೈಲಿನಲ್ಲಿ ಹುಡುಕಿದ. ವಿಸಿಟರ್ ಆ್ಯಪ್‌ನಲ್ಲಿ ಡೆಲಿವರಿ, ಕ್ಯಾಬ್, ಗೆಸ್ಟ್, ಮನೆಕೆಲಸ ಎಲ್ಲ ಇತ್ತು. ಕಲ್ಲು ಇರಲಿಲ್ಲ.

ಕಲ್ಲಿನ ಕಡೆಯಿಂದ ಯಾರಾದರೂ ಅಪ್ರೂವ್ ಮಾಡಿದರೆ ಬಿಡುತ್ತೇನೆ ಎಂದ. ಆಮೇಲೆ ಅಜ್ಜಿಯ ಕೈಯಲ್ಲಿದ್ದ ಹಾಲಿನ ಡಬ್ಬಿ ನೋಡಿ, ಹೊರಗಿನ ಆಹಾರ ಬೇರೆ ಅಲೋ ಇಲ್ಲವಂತೆ.

"ನಮ್ಮೆಜಮಾನ್ರು ಮಾರಿದ್ದು ಜಮೀನು ಕಣಪ್ಪ, ಕಲ್ಲಲ್ಲ" ಎಂದಳು ಅಜ್ಜಿ. ಆ್ಯಪ್‌ನಲ್ಲಿ ಅದಕ್ಕೂ ಜಾಗ ಇರಲಿಲ್ಲ.

ವಿಷಯ ಏನೆಂದರೆ... ದೊಡ್ಡನೆಕ್ಕುಂದಿ ಹತ್ತಿರದ ಆ ಲೇಔಟ್ ಇರುವುದು ನಮ್ಮ ತಾತ ಮಾರಿದ ಹೊಲದಲ್ಲಿ. ಅದರ ಮೂಲೆಯ ಹೊಂಗೆತೋಪಿನಲ್ಲಿ ಮೊಣಕಾಲುದ್ದದ ಒಂದು ಕಲ್ಲಿದೆ. ಮನೆಯಲ್ಲಿ ಹಸು ಕರು ಹಾಕಿದರೆ ಗಿಣ್ಣುಹಾಲು ಮೊದಲು ಆ ಕಲ್ಲಿಗೆ, ಆಮೇಲೆ ನಮ್ಮ ಬಾಯಿಗೆ.

ರಾಮಮೂರ್ತಿ ನಗರದಲ್ಲಿ ಈಗಲೂ ಹಸುವಾ ಅಂತ ಕೇಳಬೇಡಿ. ಮೇಲೆ ಮೂರು ಬಾಡಿಗೆ ಮನೆ, ಕೆಳಗೆ ನಾವು ಮತ್ತು ಗೌರಿ.

ಹಿಂದಿನ ಸಲ ಗೌರಿ ಕರು ಹಾಕಿದಾಗಲೂ ಗೇಟಿನಲ್ಲಿ ಬಿಟ್ಟಿರಲಿಲ್ಲ. ಕರು ಎಂಟೇ ದಿನಕ್ಕೆ ಹೋಯಿತು. ಡಾಕ್ಟರು ಬೇರೆ ಕಾರಣ ಹೇಳಿದರು, ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸಲ ಗುರುವಾರ ಹೆಣ್ಣು ಕರು ಹುಟ್ಟಿತು. ಅಂದಿನಿಂದ ಅಜ್ಜಿ ಗಂಟೆಗೊಮ್ಮೆ ಹೋಗಿ ಅದರ ಹೊಟ್ಟೆಯ ಮೇಲೆ ಕೈ ಇಟ್ಟು ಉಸಿರು ನೋಡುತ್ತಿದ್ದಳು. ನನಗೂ ಕರುವಿನ ಚಿಂತೆ ಇತ್ತು. ಸುಳ್ಳು ಯಾಕೆ ಹೇಳಲಿ, ಫ್ರಿಜ್ಜಿನಲ್ಲಿದ್ದ ಗಿಣ್ಣಿನ ಚಿಂತೆಯೂ ಇತ್ತು.

ವಾಪಸ್ ಹೊರಟಾಗ ಗೇಟಿನ ಪೋಸ್ಟರ್ ಕಣ್ಣಿಗೆ ಬಿತ್ತು. ಭಾನುವಾರ ಬೆಳಿಗ್ಗೆ 'ಇಂಗ್ಲಿಷ್ ವುಡ್‌ಲ್ಯಾಂಡ್ ವಾಕ್, ಪ್ರಕೃತಿ ಮತ್ತು ಸ್ಥಳೀಯ ಇತಿಹಾಸ'. ಹೊರಗಿನವರಿಗೂ ಸ್ವಾಗತ. ನೀರಿನ ಬಾಟಲಿ ಕಡ್ಡಾಯ.

ನಮ್ಮ ಹೊಂಗೆತೋಪು ಯಾವಾಗ ಇಂಗ್ಲಿಷ್ ಕಾಡಾಯಿತೋ ದೇವರೇ ಬಲ್ಲ.

ಅಲ್ಲೇ ನಿಂತು ಇಬ್ಬರ ಹೆಸರಲ್ಲೂ ಆನ್‌ಲೈನ್ ಫಾರ್ಮ್ ತುಂಬಿದೆ. ಪ್ರಕೃತಿಯಿಂದ ನೀವು ಏನನ್ನು ಬಯಸುತ್ತೀರಿ ಎಂಬ ಪ್ರಶ್ನೆ ಇತ್ತು. ಅಜ್ಜಿಯನ್ನು ಕೇಳಿದೆ.

"ಬೇಕಾಗಿರೋದು ಏನಿಲ್ಲ, ಕೊಡೋದಿದೆ ಅಂತ ಬರಿ."

ಭಾನುವಾರ ನನ್ನ ಸ್ಟೀಲ್ ಬಾಟಲಿಯಲ್ಲಿ ಗಿಣ್ಣುಹಾಲು, ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಅರಿಶಿನ. ಅದೇ ಸೆಕ್ಯುರಿಟಿಯವನು ಲಿಸ್ಟಿನಲ್ಲಿ ಹೆಸರು ನೋಡಿ ಸೆಲ್ಯೂಟ್ ಹೊಡೆದ!

ವಾಕ್ ನಡೆಸಿಕೊಡುವ ಸರ್ ಆ ಲೇಔಟಿನವರೇ. ಇಂಗ್ಲೆಂಡಿನ ಕಾಡುಗಳಲ್ಲಿ ಮೂರು ವಾರ ಓಡಾಡಿ ಬಂದವರಂತೆ. ಫೆಬ್ರವರಿಯ ಒಣ ನೆಲದಲ್ಲಿ ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿ ನಿಂತಿದ್ದರು.

ಅಣಬೆ ಆಕಾರದ ಸ್ಪೀಕರುಗಳಲ್ಲಿ ಇಂಗ್ಲೆಂಡಿನ ಹಕ್ಕಿಗಳು ಹಾಡುತ್ತಿದ್ದವು. ನಮ್ಮ ಕಾಗೆಗಳು ತಲೆ ಓರೆ ಮಾಡಿಕೊಂಡು ಕೇಳುತ್ತಿದ್ದವು. ದೊಡ್ಡ ಹೊಂಗೆಮರಕ್ಕೆ 'ಓಲ್ಡ್ ಓಕ್' ಎಂದು ಬೋರ್ಡು. ಆ ಓಕನ್ನು ನೆಟ್ಟವಳೇ ನಮ್ಮಜ್ಜಿ, ಮದುವೆಯಾಗಿ ಬಂದ ವರ್ಷ.

ಅರ್ಧ ದಾರಿಯಲ್ಲಿ ಎಲ್ಲರೂ ಒಟ್ಟಿಗೆ, ಮನಸ್ಸಿಟ್ಟು, ಒಂದು ಗುಟುಕು ನೀರು ಕುಡಿಯಬೇಕು ಎಂದರು.

ಕಲ್ಲಿಗೆ ಹೊಯ್ಯುವ ಮೊದಲು ಒಂದು ಹನಿ ನಾಲಿಗೆಗೆ ಬಿದ್ದರೂ ಎಲ್ಲ ಎಂಜಲು. ಅಜ್ಜಿ ಗುಡ್ಡೆಗಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾಳೆ.

ಮುಚ್ಚಳ ತೆಗೆಯದೇ ಬಾಟಲಿ ಮೇಲೆತ್ತಿ ಗಟಗಟ ನುಂಗಿದಂತೆ ನಟಿಸಿದೆ. ಬರೀ ಉಗುಳು. ಇಷ್ಟು ಮನಸ್ಸಿಟ್ಟು ಕುಡಿದವರನ್ನು ನಾನು ನೋಡಿಯೇ ಇಲ್ಲ ಎಂದು ಬೂಟಿನ ಸರ್ ಮೆಚ್ಚಿಕೊಂಡರು.

ಕೊನೆಗೆ ಕಲ್ಲು ಬಂತು. ಕಂಟೋನ್ಮೆಂಟಿನ ಬ್ರಿಟಿಷ್ ಅಧಿಕಾರಿಯೊಬ್ಬ ಇದರ ಮೇಲೆ ಕಾಲಿಟ್ಟು ಕುದುರೆ ಹತ್ತುತ್ತಿದ್ದ, ಇದೇ ಇಲ್ಲಿನ ಇತಿಹಾಸ ಎಂದರು. ಅಜ್ಜಿ ಅವರ ಬೂಟನ್ನೇ ದುರುಗುಟ್ಟಿ ನೋಡಿದಳು. ಆ ಕಲ್ಲಿಗೆ ಯಾರಾದರೂ ಕಾಲಿಡುವುದೆಂದರೆ...

ಆಮೇಲೆ ಅವರೇ ದಾರಿ ಮಾಡಿಕೊಟ್ಟರು. ಎಲ್ಲರೂ ಹತ್ತು ನಿಮಿಷ ಕಣ್ಣು ಮುಚ್ಚಿ, ಕಾಡು ಮಾತಾಡುತ್ತದೆ ಎಂದು ಹೇಳಿ ತಾವೂ ಕಣ್ಣು ಮುಚ್ಚಿದರು.

ಅಜ್ಜಿ ಚಪ್ಪಲಿ ಬಿಟ್ಟಳು. ಬಾಟಲಿ ಕೊಟ್ಟೆ. ನಿಧಾನಕ್ಕೆ ಹಾಲು ಹೊಯ್ದಳು, ಕಲ್ಲಿಗೆಲ್ಲ ಅರಿಶಿನ ಮೆತ್ತಿದಳು, ಹಣೆ ಮುಟ್ಟಿಸಿದಳು.

"ತಡ ಆಯ್ತು ಕಣಪ್ಪ. ಗೇಟಲ್ಲಿ ಬಿಡ್ಲಿಲ್ಲ. ಮಗು ಮೇಲೆ ಕೋಪ ಮಾಡ್ಕೋಬೇಡ."

ತನ್ನದೇ ಕಲ್ಲಿನ ಮುಂದೆ ಕಳ್ಳಿಯ ಹಾಗೆ ಪಿಸುಗುಡುತ್ತಿದ್ದ ಅಜ್ಜಿಯನ್ನು ನೋಡಿ ನನಗೆ ಅಳು ಬಂತು. ನಾನೂ ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಎಲ್ಲರೂ ಕಲ್ಲನ್ನೇ ನೋಡುತ್ತಿದ್ದರು. ಹಳದಿ ಹಳದಿ.

ಬೂಟಿನ ಸರ್ ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ನಂತರ ಬಹಳ ಮೆಲ್ಲಗೆ, ಇದು ಬಂಗಾರದ ಕಲ್ಲುಹೂವು, ಗಾಳಿ ತುಂಬಾ ಶುದ್ಧವಾಗಿರುವ ಕಡೆ ಮಾತ್ರ ಬೆಳೆಯುತ್ತದೆ ಎಂದರು. ದೊಡ್ಡನೆಕ್ಕುಂದಿಯಲ್ಲಿ! ಎಲ್ಲರೂ ಫೋಟೋ ತೆಗೆದರು.

ಧಾರವಾಡದ ಕಡೆಯ ಒಬ್ಬ ಮೇಡಂ ಮಾತ್ರ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. "ಕಾಡು ನನ್ನ ಕೂಡ ಮಾತಾಡ್ತ್ರೀ... ತಡ ಆಯ್ತು ಅಂತು." ನಾಳೆಯೇ ಊರಿಗೆ ಹೋಗಿ ತಂಗಿಯ ಜೊತೆ ರಾಜಿಯಾಗುತ್ತೇನೆ ಎಂದರು. ನಾನು ಓಲ್ಡ್ ಓಕ್ ಕಡೆ ಮುಖ ತಿರುಗಿಸಿ ನಿಂತೆ.

ಮನೆಗೆ ಬಂದು ಗಿಣ್ಣು ಮಾಡಿದೆವು. ಬೆಲ್ಲ, ಏಲಕ್ಕಿ... ಅರ್ಧ ಪಾತ್ರೆ ನಾನೊಬ್ಬಳೇ ಖಾಲಿ ಮಾಡಿದೆ. ಒಂಬತ್ತನೇ ದಿನ ಬೆಳಿಗ್ಗೆ ಕರು ಬಾಡಿಗೆಯವರ ಮೆಟ್ಟಿಲು ಹತ್ತಿ ಇಳಿಯಲಾಗದೆ ಅರಚುತ್ತಿತ್ತು. ಅಜ್ಜಿ ಅವತ್ತು ಮೊದಲ ಸಲ ನಕ್ಕಳು.

ಈಗ ಕಲ್ಲಿನ ಸುತ್ತ ಹಗ್ಗ ಕಟ್ಟಿದ್ದಾರಂತೆ. 'ಅಪರೂಪದ ಕಲ್ಲುಹೂವು, ಕಾಲಿಡಬೇಡಿ' ಎಂದು ಬೋರ್ಡು. ಅಜ್ಜಿಗೆ ಅಷ್ಟು ಸಾಕಾಗಿದೆ.

ವಾಕಿಗೆ ಬಂದಿದ್ದ ಎಲ್ಲರಿಗೂ ಸರ್ ನಿನ್ನೆ ಮೇಲ್ ಕಳಿಸಿದ್ದಾರೆ. ಮಳೆ ಶುರುವಾದ ಮೇಲೆ ಕಲ್ಲುಹೂವು ಮಾಸುತ್ತಿದೆ, ಮತ್ತೆ ಬೆಳೆಸುವ ಉಪಾಯ ಯಾರಿಗಾದರೂ ಗೊತ್ತೇ, ದಯವಿಟ್ಟು ತಿಳಿಸಿ ಎಂದು.

ಓದಿ ಹೇಳಿದೆ. ಅಜ್ಜಿ ಯೋಚಿಸಲೂ ಇಲ್ಲ. "ಗೌರಿ ಈಗ ಮೂರು ತಿಂಗಳ ಗಬ್ಬ. ಇನ್ನಾರು ತಿಂಗಳು ತಾಳ್ಕೊಳ್ಳೋಕೆ ಹೇಳು. ಗೇಟಲ್ಲಿ ಹೆಸರು ಬರೆಸಿಡ್ಲಿ."

ನಾನು ರಿಪ್ಲೈ ಒತ್ತಿ ಕೂತಿದ್ದೇನೆ... ಏನಂತ ಬರೆಯಲಿ, ನೀವೇ ಹೇಳಿ?