ತಮ್ಮನ ಸರದಿ

ಗುಂಡಿಯಕ್ಕನ ಮನೆಯಲ್ಲಿ ಊಟದ ಮೇಜಿನ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ತಾಯಿ ಮಗಳಿಬ್ಬರೂ ಅಡುಗೆಮನೆಯಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮುಗಿಸುತ್ತಿದ್ದರು. ಮೇಜನ್ನು ಇಡೀ ಜಗತ್ತು ಆಕ್ರಮಿಸಿಕೊಂಡಿತ್ತು. ಬಣ್ಣಬಣ್ಣದ ಖಂಡಗಳ ಭೂಪಟ, ಅದರ ಮೇಲೆ ಎರಡು ಸೈನ್ಯ, ಪಕ್ಕದಲ್ಲಿ ಒಂದು ತಗಡಿನ ಲೋಟ, ಲೋಟದೊಳಗೆ ದಾಳಗಳು. ಲೋಕವನ್ನೆಲ್ಲ ಗೆಲ್ಲುವ ಆ ಆಟ ಅರ್ಧಕ್ಕೆ ನಿಂತು ಹೋದ ಚಳಿಗಾಲ ಕಳೆದು, ಬೇಸಿಗೆಯೂ ಮುಗಿಯುತ್ತ ಬಂದಿತ್ತು.

ಆಡುತ್ತಿದ್ದವನು ಗುಂಡಿಯಕ್ಕನ ತಮ್ಮ. ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಭಾನುವಾರ ಮಧ್ಯಾಹ್ನವಾದರೆ ಬೀದಿಯ ತುದಿಯ ವಾಚ್ ರಿಪೇರಿಯವರು ಬರುತ್ತಿದ್ದರು. ಅವರನ್ನು ಮನೆಯವರೆಲ್ಲ ವಾಚಿನ ಮಾಮ ಎನ್ನುತ್ತಿದ್ದರು. ಇಬ್ಬರೂ ಕತ್ತಲಾಗುವವರೆಗೆ ಜಗತ್ತಿಗಾಗಿ ಬಡಿದಾಡುತ್ತಿದ್ದರು. ತಮ್ಮನ ಕಪ್ಪು ಸೈನಿಕರು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಸೋಫಾದ ಸಂದಿಗೆ, ಕಸದ ಪೊರಕೆಗೆ ಬಲಿಯಾಗಿ, ಅವರ ಜಾಗಕ್ಕೆ ಅಕ್ಕನ ಡಬ್ಬಿಯ ಗುಂಡಿಗಳು ಬಂದಿದ್ದವು. ದರ್ಜಿಗಳು ಹೊಲಿದು ಕಳಿಸಿದ ಅಂಗಿ ಕೋಟುಗಳಿಗೆ ಕಾಜಾ ಹಾಕಿ ಗುಂಡಿ ಹಚ್ಚುವುದು ಅವಳ ಕೆಲಸ. ಹೆಸರು ಬಂದದ್ದೂ ಹಾಗೆಯೇ.

ಆಟ ನಿಂತ ಆ ಭಾನುವಾರ ತಮ್ಮ ತನ್ನ ಸೈನ್ಯವನ್ನೆಲ್ಲ ಒಂದೇ ಗಡಿಯಲ್ಲಿ ರಾಶಿ ಹಾಕಿ, ದಾಳದ ಲೋಟ ಕೈಗೆತ್ತಿಕೊಂಡಿದ್ದ. ಫೋನು ಬಂತು. ಯಾವುದೋ ಕಟ್ಟಡದಲ್ಲಿ ಲಿಫ್ಟ್ ನಿಂತು ಜನ ಸಿಕ್ಕಿಕೊಂಡಿದ್ದರು. "ನನ್ನ ಸರದಿ ಇದೆ, ಯಾರೂ ಮುಟ್ಟಬೇಡಿ. ಬಂದು ಆಡ್ತೀನಿ," ಎಂದು ಲೋಟ ಕೆಳಗಿಟ್ಟು ಹೋದ. ಸಿಕ್ಕಿಕೊಂಡವರನ್ನು ಬಿಡಿಸಿ, ಅದೇ ಕಟ್ಟಡದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ.

ಯಾರೂ ಮುಟ್ಟಬೇಡಿ ಎಂಬ ಮಾತು ಮನೆಗೆ ಕಾನೂನಾಯಿತು. ಊಟಕ್ಕೆ, ಆಸ್ಪತ್ರೆಗೆ ಏಳುವುದು ಬಿಟ್ಟರೆ ತಾಯಿ ಆ ಮೇಜಿನ ಪಕ್ಕದ ಕುರ್ಚಿಯಿಂದ ಕದಲುತ್ತಿರಲಿಲ್ಲ. ವಾಚಿನ ಮಾಮ ಈಗಲೂ ಭಾನುವಾರ ಬಂದು, ತಮ್ಮನ ಕುರ್ಚಿಯ ಎದುರು ಕುಳಿತು, ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಇದನ್ನೆಲ್ಲ ಗುಂಡಿಯಕ್ಕ ಸಹಿಸಿಕೊಂಡಾಳು. ಆದರೆ ಮಧ್ಯಾಹ್ನಗಳಲ್ಲಿ ಅವಳು ಒಳಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿರುವಾಗ ಹೊರಗೆ ದಾಳ ಕಟಕಟ ಎನ್ನುತ್ತಿತ್ತು. ಎದ್ದು ಹೋಗಿ ನೋಡಿದರೆ ಅಮ್ಮ ಕಣ್ಣು ಮುಚ್ಚಿ ಒರಗಿರುತ್ತಿದ್ದಳು, ಲೋಟ ಇದ್ದಲ್ಲೇ ಇರುತ್ತಿತ್ತು. ಗುಂಡಿಯಕ್ಕ ದೇವರನ್ನು ನಂಬಿದವಳು, ದೆವ್ವವನ್ನಲ್ಲ. ಆದರೂ ಪ್ರಾರ್ಥನೆಗೆ ಕೈ ಮುಗಿದಾಗ ಒಂದೇ ಯೋಚನೆ: ಸರದಿ ಬಾಕಿ ಇಟ್ಟು ಹೋದವನಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಅವನ ಆಟವನ್ನು ಯಾರಾದರೂ ಆಡಿ ಮುಗಿಸಬೇಕು. ಇಲ್ಲದಿದ್ದರೆ ಅವನೂ ಹೋಗುವುದಿಲ್ಲ, ಅಮ್ಮನೂ ಆ ಕುರ್ಚಿಯಿಂದ ಏಳುವುದಿಲ್ಲ.

"ಮಾಮ, ನಂಗೆ ಆಟ ಹೇಳ್ಕೊಡಿ," ಎಂದಳು ಒಂದು ಭಾನುವಾರ, ಅವರು ಚಪ್ಪಲಿ ಮೆಟ್ಟುತ್ತಿರುವಾಗ.

"ನಿಂಗ್ಯಾಕಮ್ಮ ಈ ಯುದ್ಧ ಗಿದ್ಧ ಎಲ್ಲ?"

"ಅವನ ಸರದಿ ನಾನು ಆಡ್ತೀನಿ."

ಅಮ್ಮ ಕಣ್ಣು ತೆರೆಯದೆಯೇ ಹೇಳಿದಳು: "ಮೇಜು ಮುಟ್ಟಿದ್ರೆ ನನ್ನ ಮುಟ್ಟಿದ ಹಾಗೆ. ನೆನಪಿರಲಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗುಂಡಿಯಕ್ಕ ಒಳಕೋಣೆಯ ನೆಲದ ಮೇಲೆ ಕೋಟಿನ ಲೈನಿಂಗಿಗೆ ತಂದ ಕಪ್ಪು ಬಟ್ಟೆ ಹಾಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೊಟ್ಟಳು. ಮಾಮ ಬೇರೆ ದಾಳ ತಂದು, ಮಂಡಿಯೂರಿ ಜಗತ್ತು ಬರೆದರು. ಡಬ್ಬಿ ಸುರಿದು ಬಿಳಿ ಗುಂಡಿ ಅವರಿಗೆ, ಕಂದು ಗುಂಡಿ ಅವಳಿಗೆ ಎಂದು ಹಂಚಿಕೊಂಡರು.

"ದಾಳಿ ಮಾಡೋರಿಗೆ ಮೂರು ದಾಳದವರೆಗೆ, ತಡೆಯೋರಿಗೆ ಎರಡು. ದೊಡ್ಡದಕ್ಕೆ ದೊಡ್ಡದು ಹೋಲಿಸಬೇಕು. ಸಮ ಬಿದ್ರೆ ತಡೆಯೋರದ್ದೇ ಗೆಲುವು."

"ನ್ಯಾಯ. ಮನೆ ಕಾಯೋರ ಕಡೆಗೂ ಯಾರಾದ್ರೂ ಇರ್ಬೇಕಲ್ಲ."

"ಇನ್ನೊಂದು. ದೇಶ ಬಿಟ್ಟು ಮುಂದೆ ಹೋಗುವಾಗ ಹಿಂದೆ ಒಬ್ಬನನ್ನಾದ್ರೂ ಬಿಟ್ಟೇ ಹೋಗ್ಬೇಕು. ಎಲ್ರೂ ಹೋಗೋ ಹಾಗಿಲ್ಲ."

ಅವಳು ಕಂದು ಗುಂಡಿಯೊಂದನ್ನು ಬೆರಳಲ್ಲಿ ತಿರುಗಿಸಿದಳು. ಹೊರಗೆ ಕುರ್ಚಿ ಕಿರ್ ಎಂದಿತು.

ಕಲಿಯುವುದು ಸುಲಭವಾಗಲಿಲ್ಲ. ಗಡಿ ಭದ್ರ ಮಾಡುವುದು ಅವಳಿಗೆ ಚೆನ್ನಾಗಿ ಬಂತು, ನುಗ್ಗುವುದು ಬರಲಿಲ್ಲ. ಪಕ್ಕದ ದೇಶದಲ್ಲಿ ಮಾಮನ ಒಂಟಿ ಗುಂಡಿ ಕುಳಿತಿದ್ದರೂ, "ಪಾಪ, ಇರ್ಲಿ ಬಿಡಿ," ಎನ್ನುತ್ತಿದ್ದಳು. ಮುಂದಿನ ಭಾನುವಾರ ಮಾಮ ಬಂದು ತಮ್ಮದೊಂದು ಬಿಳಿ ಗುಂಡಿ ಎತ್ತಲು ನೋಡಿದರೆ ಅದು ಮೇಲೇಳಲಿಲ್ಲ. ಇನ್ನೊಂದನ್ನು ಎಳೆದರು. ಬಟ್ಟೆಯೇ ಮೇಲೆದ್ದು ಬಂತು.

"ಇದೇನಮ್ಮ ಇದು?"

"ವಾರವೆಲ್ಲ ಇದೇ ಕೋಣೇಲಿ ಕೆಲಸ ಅಲ್ವಾ ಮಾಮ. ಚೆಲ್ಲಾಪಿಲ್ಲಿ ಆಗ್ಬಾರ್ದು ಅಂತ ಒಂದೊಂದು ಹೊಲಿಗೆ ಹಾಕ್ದೆ."

"ನನ್ನ ಸೈನ್ಯಾನೂ ಹೊಲಿದುಬಿಟ್ಯಾ?"

"ಬರೀ ನನ್ನದು ಹೊಲಿದ್ರೆ ಮೋಸ ಆಗಲ್ವಾ?"

ಹೊರಗಿನಿಂದ ಒಂದು ಸದ್ದು ಬಂತು. ಅಮ್ಮ ನಗುತ್ತಿದ್ದಳು. ಎಷ್ಟೋ ಕಾಲದಿಂದ ಬಳಸದ ನಗು, ತುಕ್ಕು ಹಿಡಿದ ಚಿಲಕದ ಹಾಗೆ ಹೊರಟಿತು. "ಲೋಕ ಗೆಲ್ಲೋಕೆ ಕೂತು ಗುಂಡಿ ಹಚ್ಚಿದ್ಲಂತೆ. ಹುಟ್ಟುಗುಣ ಸುಟ್ರೂ ಹೋಗಲ್ಲ."

ಮಾಮನೂ ನಕ್ಕರು. ಆಮೇಲೆ ಕತ್ತರಿ ತೆಗೆದುಕೊಂಡು ಒಂದೊಂದೇ ದಾರ ಕತ್ತರಿಸುತ್ತ, ತಮಗೇ ಎಂಬಂತೆ ಹೇಳಿದರು: "ಹೊಲಿದಿಟ್ಟ ಸೈನ್ಯ ಸೋಲಲ್ಲ ಕಣಮ್ಮ. ಆದ್ರೆ ಅದು ಆಟಾನೂ ಅಲ್ಲ."

ಹೊರಗಿನ ನಗು ನಿಂತಿತು.

ಸ್ವಲ್ಪ ಹೊತ್ತಿಗೆ ಅಮ್ಮ ಕರೆದಳು. "ಬಾರೇ ಇಲ್ಲಿ. ಅವನ ಕುರ್ಚೀಲಿ ಕೂತ್ಕೋ. ವಾಚಿನವ್ರೇ, ನೀವೂ ಬನ್ನಿ."

ತಮ್ಮನ ಕುರ್ಚಿಯಲ್ಲಿ ಕುಳಿತು ಗುಂಡಿಯಕ್ಕ ಮೊದಲ ಸಲ ಆ ಭೂಪಟವನ್ನು ಓದಿದಳು. ಇಷ್ಟು ದಿನ ಅದು ಧೂಳು ಊದಿ ತೆಗೆಯುವ ಮೇಜಾಗಿತ್ತು. ಈಗ ಅವನ ಮನಸ್ಸೇ ಅಲ್ಲಿ ಹರಡಿಕೊಂಡಿರುವುದು ಕಂಡಿತು. ಎಲ್ಲ ಕಡೆ ಒಂದೊಂದೇ ಗುಂಡಿ ಬಿಟ್ಟು, ಮಿಕ್ಕ ಬಲವನ್ನೆಲ್ಲ ಒಂದೇ ಬಾಗಿಲಲ್ಲಿ ತಂದು ನಿಲ್ಲಿಸಿದ್ದ. ಹುಚ್ಚಪ್ಪ, ಇದ್ದದ್ದೆಲ್ಲ ಒಂದೇ ಏಟಿಗೆ. ಅವಳಾಗಿದ್ದರೆ ಎಂದಿಗೂ ಹಾಗೆ ಆಡುತ್ತಿರಲಿಲ್ಲ. ದೂರದ ಮೂಲೆಯ ದ್ವೀಪವೊಂದರಲ್ಲಿ ಮುತ್ತಿನ ಬಣ್ಣದ ಗುಂಡಿಯೊಂದು ಒಂಟಿಯಾಗಿತ್ತು. ಅದು ಅವಳ ಶಾಲೆಯ ದಿನಗಳ ಫ್ರಾಕಿನದು.

"ಸರದಿ ಅವನದು," ಎಂದು ಮನಸ್ಸಿನಲ್ಲೇ ಅಂದುಕೊಂಡು, ದೇವರನ್ನು ನೆನೆದು, ಅವನ ಹಾಗೆಯೇ ಆಡಿದಳು. ದಾಳ ಉರುಳಿತು. ಅವನ ಎರಡು ಗುಂಡಿ ಹೋದವು. ಮತ್ತೆ ಉರುಳಿತು. ಸಮ ಬಿತ್ತು; ಸಮ ಬಿದ್ದರೆ ತಡೆಯುವವರದು. ರಾಶಿ ಕರಗುತ್ತ ಕರಗುತ್ತ ಕೊನೆಗೆ ಆ ಗಡಿಯಲ್ಲಿ ಒಂದೇ ಒಂದು ಗುಂಡಿ ಉಳಿಯಿತು. ಒಂದೇ ಉಳಿದರೆ ದಾಳಿ ಮಾಡುವ ಹಾಗಿಲ್ಲ.

"ನಿಮ್ಮ ಸರದಿ, ಮಾಮ."

ಮಾಮ ಭೂಪಟ ನೋಡಿದರು. ಈಗ ಅವರನ್ನು ತಡೆಯುವವರು ಯಾರೂ ಇರಲಿಲ್ಲ. ಗೆಳೆಯನನ್ನು ದೇಶ ದೇಶದಿಂದ ಕಿತ್ತು ಹಾಕುವುದಷ್ಟೇ ಬಾಕಿ. ಅವರು ಮೆಲ್ಲಗೆ ಎದ್ದರು. "ಅಂಗಡಿ ಬೀಗ ಹಾಕಿದ್ನೋ ಇಲ್ವೋ... ನೋಡ್ಕೊಂಡು ಬಂದು ಆಡ್ತೀನಿ. ಯಾರೂ ಮುಟ್ಟಬೇಡಿ."

ಬಾಯಿಂದ ಬಿದ್ದ ಮೇಲಷ್ಟೇ ಆ ಮಾತು ಅವರಿಗೂ ಕೇಳಿಸಿತು.

ಅಮ್ಮ ಕುರ್ಚಿಯಿಂದ ಎದ್ದು ಅವರ ತೋಳು ಹಿಡಿದಳು. "ಬಂದು ಅಲ್ಲ. ಆಡಿ ಹೋಗಿ. ಈ ಮನೇಲಿ ಇನ್ನು ಯಾರೂ ಸರದಿ ಇಟ್ಟು ಹೋಗೋದು ಬೇಡ."

ಅವರು ಕುಳಿತರು. ಆಡಿದರು. ಪ್ರತಿ ಗುಂಡಿ ಎತ್ತುವಾಗಲೂ ಕಣ್ಣೊರೆಸಿಕೊಂಡರು. ಕೊನೆಗೆ ಉಳಿದದ್ದು ದ್ವೀಪದ ಮುತ್ತಿನ ಗುಂಡಿ. ಅದೂ ಬಿದ್ದ ಮೇಲೆ ಅಮ್ಮ ಅದನ್ನು ಎತ್ತಿ ಮಗಳ ಅಂಗೈಗೆ ಹಾಕಿದಳು. "ಒಬ್ಬರನ್ನ ಬಿಟ್ಟೇ ಹೋಗ್ಬೇಕಂತಲ್ಲ, ನಿಯಮ. ಒಳಗೆ ಹೇಳ್ಕೊಡ್ತಿದ್ರು, ನಾನೂ ಕೇಳಿಸ್ಕೊಂಡೆ." ಆಮೇಲೆ ಮುಖ ತಿರುಗಿಸಿ ಹೇಳಿದಳು: "ದಾಳ ಅಲ್ಲಾಡಿಸ್ತಿದ್ದೋಳು ನಾನೇ ಕಣೇ. ಸದ್ದು ಕೇಳಿಯಾದ್ರೂ ಬರ್ತಾನೇನೋ ಅಂತ."

ಗುಂಡಿಯಕ್ಕ ತಲೆಯಾಡಿಸಿದಳು. ಅಮ್ಮ ಕಣ್ಣಿನ ಆಸ್ಪತ್ರೆಗೆ ಹೋಗಿದ್ದ ಮಧ್ಯಾಹ್ನವೂ, ಮನೆಯಲ್ಲಿ ತಾನೊಬ್ಬಳೇ ಇದ್ದಾಗ, ಆ ಲೋಟ ಕಟಕಟ ಎಂದಿತ್ತು. ಅದನ್ನು ಅವಳು ಹೇಳಲಿಲ್ಲ. ಭೂಪಟ ಮಡಚಿದಳು, ದಾಳವನ್ನು ಆಟದ ಪೆಟ್ಟಿಗೆಗೆ ಹಾಕಿದಳು, ಒದ್ದೆ ಬಟ್ಟೆಯಿಂದ ಮೇಜು ಒರೆಸಿ ಅಮ್ಮನಿಗೆ ತಟ್ಟೆ ಇಟ್ಟಳು. ಬಡಿಸುವಾಗ ಆ ಪೆಟ್ಟಿಗೆಯ ಕಡೆಗೆ ಅವಳ ಮೈಯೆಲ್ಲ ಕಿವಿಯಾಗಿತ್ತು.