ಹೆಸರು ಹಿಡಿದು ಕರೆಯಬೇಡಿ

ನನ್ನ ಗಂಡನನ್ನು ಊಟಕ್ಕೆ ಕರೆಯಬೇಕಾದರೆ ನಾನು ಸೌಟಿನಿಂದ ಪಾತ್ರೆಯ ಅಂಚನ್ನು ತಟ್ಟುತ್ತಿದ್ದೆ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಸ್ಸು ಸವೆಯುತ್ತದೆಂದು ನಂಬಿದ್ದ ಕಾಲವದು, ಓದುಗ ಮಿತ್ರರೇ. ಅಷ್ಟು ಜೋಪಾನ ಮಾಡಬೇಕಾದ ಆ ಹೆಸರಾದರೂ ಯಾವುದು ಎಂದು ಕೇಳುವಿರಾದರೆ, ತಿಪ್ಪಯ್ಯ. ಅವರಿಗಿಂತ ಮುಂಚೆ ಹುಟ್ಟಿದ ಮಕ್ಕಳು ಉಳಿಯಲಿಲ್ಲವೆಂದು ನಮ್ಮತ್ತೆ ಈ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಸಾಡಿದ್ದನ್ನು ಎತ್ತಿಕೊಂಡು ಬಂದವರಂತೆ ಮನೆಗೆ ತಂದು, ಯಮನಿಗೆ ಹೇಸಿಗೆಯಾಗಲೆಂದು ಆ ಹೆಸರಿಟ್ಟಿದ್ದರು. ಯಮನಿಗೆ ಹೇಸಿಗೆಯಾಗಿರಬೇಕು, ನನ್ನ ಗಂಡ ದುಂಡಗೆ ಬೆಳೆದು, ಉಂಡ ಮೇಲೆ ಗೊರಕೆ ಹೊಡೆಯುತ್ತ, ಅತ್ತೆಯ ಸಿದ್ಧಾಂತಕ್ಕೆ ದಿನವೂ ಸಾಕ್ಷಿ ನುಡಿಯುತ್ತಿದ್ದರು.

ಹಲಸೂರಿನ ನಮ್ಮ ಮನೆಗೆ ಗೋಡೆ ಅಂಟಿಸಿಕೊಂಡಿದ್ದ ಪಕ್ಕದ ಮನೆಯಲ್ಲಿ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಒಂದು ಯೆಹೂದ್ಯ ಸಂಸಾರವಿತ್ತು: ದಂಡು ಪ್ರದೇಶದ ಬಂಗಲೆಗಳ ಪಿಯಾನೊಗಳಿಗೆ ಶ್ರುತಿ ಕೂಡಿಸಿ ಬದುಕುತ್ತಿದ್ದ ಶಾಲೋಮ್ ಸಾಹೇಬರು, ಅವರ ಹೆಂಡತಿ ಹನ್ನಾ ಬಾಯಿ, ಒಬ್ಬನೇ ಮಗ ಎಜ್ರಾ. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ, ಶನಿವಾರ ಒಲೆಗೆ ಬೆಂಕಿಯಿಲ್ಲ ಎಂಬುದನ್ನೆಲ್ಲ ಗೋಡೆಯಾಚೆಯಿಂದಲೇ ಪರೀಕ್ಷಿಸಿದ ನಮ್ಮತ್ತೆ, "ಪರ್ವಾಗಿಲ್ಲ, ಇವ್ರಿಗೂ ಮಡಿ ಮುಸುರೆ ಗೊತ್ತು ಕಣೇ" ಎಂದು ಅವರನ್ನು ತಮ್ಮ ಕಡೆಯವರ ಸಾಲಿಗೆ ಸೇರಿಸಿಕೊಂಡಿದ್ದರು. ಎಜ್ರಾ ಆಗತಾನೆ ಕಾಲೇಜು ಮುಗಿಸಿದ್ದ, ನಗಿಸುವ ಹುಡುಗ. ಅವನಿಗೆ ರಕ್ತದ ಕಾಯಿಲೆ ಬಂತು. ಮದ್ದಿಲ್ಲವೆಂದು ದೊಡ್ಡ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು. ಅವನು ಬದುಕಲಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಸುಮ್ಮನೆ ಆಸೆಯಲ್ಲಿ ಕೂರಿಸುವುದು ನನಗಿಷ್ಟವಿಲ್ಲ.

ಡಾಕ್ಟರು ಕೈಚೆಲ್ಲಿದ ಮೇಲೆ ಸಾಹೇಬರು ತಮ್ಮವರ ಹಳೆಯದೊಂದು ಪದ್ಧತಿಗೆ ಕೈಹಾಕಿದರು. ಸಾಯುವ ಸ್ಥಿತಿಯಲ್ಲಿರುವವನ ಹೆಸರು ಬದಲಿಸುವುದು. ಮೃತ್ಯುದೂತ ಹಳೆಯ ಹೆಸರನ್ನು ಹುಡುಕಿಕೊಂಡು ಬಂದರೆ ಆ ಹೆಸರಿನವನು ಅಲ್ಲಿರಬಾರದು. ಅದಕ್ಕೆ ಅವರ ಧರ್ಮದ ಹತ್ತು ಗಂಡಸರು ಸೇರಿ ಪ್ರಾರ್ಥಿಸಬೇಕಂತೆ. ಬೆಂಗಳೂರಿನಲ್ಲಿ ಹತ್ತು ಯೆಹೂದ್ಯರನ್ನು ಎಲ್ಲಿಂದ ತರುವುದು? ಪುಣ್ಯಕ್ಕೆ ದಂಡಿನ ಗೋರಾ ಪಟಾಲಮ್ಮಿನಲ್ಲಿ, ಅಂದರೆ ಬಿಳಿಯರ ಸೈನ್ಯದಲ್ಲಿ, ಕೆಲವರು ಸಿಕ್ಕರು. ಒಂದು ಬೆಳಿಗ್ಗೆ ಸೋಲ್ಜರುಗಳು ಬೀದಿಯಲ್ಲಿ ಸಾಲಾಗಿ ನಡೆದು ಬಂದಾಗ, ಯಾರನ್ನೋ ಹಿಡಿದುಕೊಂಡು ಹೋಗಲು ಬಂದರೆಂದು ಬೀದಿಯ ಬಾಗಿಲುಗಳೆಲ್ಲ ಪಟಪಟನೆ ಮುಚ್ಚಿಕೊಂಡವು. ನಮ್ಮತ್ತೆಯೊಬ್ಬರೇ ಎದುರು ನಿಂತು, "ಬೂಟ್ ಆಚೆ ಬಿಡ್ರೋ, ಕಾಯಿಲೆ ಮನೆ!" ಎಂದು ಅಚ್ಚ ಕನ್ನಡದಲ್ಲಿ ಗದರಿದರು. ಸಾಮ್ರಾಜ್ಯದ ಸೈನ್ಯ ಮರುಮಾತಿಲ್ಲದೆ ಬೂಟು ಬಿಚ್ಚಿ, ಪ್ರಾರ್ಥನೆಗೆ ತಲೆ ಮುಚ್ಚಿರಬೇಕೆಂದು ಟೊಪ್ಪಿಗೆ ಮಾತ್ರ ಹಾಗೇ ಇಟ್ಟುಕೊಂಡು ಒಳಗೆ ಹೋಯಿತು. ಅವರು ಹೊರಬರುವಷ್ಟರಲ್ಲಿ ಎಜ್ರಾ ಹಯೀಮ್ ಆಗಿದ್ದ. ಹಯೀಮ್ ಎಂದರೆ ಅವರ ಭಾಷೆಯಲ್ಲಿ ಜೀವ.

ಈ ವಿಚಾರ ನಮ್ಮತ್ತೆಗೆ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಹೆಸರು ಸ್ವಲ್ಪ ಅಂದವಾಯಿತು, ಹೇಸಿಗೆ ಸಾಲದು ಎಂಬುದೊಂದೇ ಅವರ ಆಕ್ಷೇಪ. ಸಾಲದ್ದಕ್ಕೆ ಗುಂಡ ಎಂಬ ಇನ್ನೊಂದು ಹೆಸರನ್ನು ತಮ್ಮ ಖಾತೆಯಿಂದ ಸೇರಿಸಿ, ಬೀದಿಯ ಕಾವಲನ್ನು ತಾವೇ ವಹಿಸಿಕೊಂಡರು. ಹಾಲಿನವಳು ಬಾಯಿತಪ್ಪಿ "ಎಜ್ರಾ ತಂಬಿ ಎಪ್ಪಡಿ ಇರುಕ್ಕು?" ಎಂದು ತನ್ನ ತಮಿಳಿನಲ್ಲಿ ಆರೋಗ್ಯ ವಿಚಾರಿಸಿದರೆ ಅವಳ ಕ್ಯಾನು ಬಾಗಿಲಲ್ಲೇ ತಡೆಹಿಡಿಯಲ್ಪಡುತ್ತಿತ್ತು. ಅಗಸ ಮುನಿಸ್ವಾಮಿ ಎಜ್ರಾನ ಬಟ್ಟೆಗಳ ಮೇಲೆ ಹಾಕುತ್ತಿದ್ದ ಕರಿಗುರುತೂ ಅವರ ಕಣ್ಣಿಗೆ ಬಿತ್ತು.

"ಆ ಗುರುತು ಅಳಿಸು. ಯಮ ಬಂದು ಇದ್ಯಾರ ಬಟ್ಟೆ ಅಂತ ಕೇಳಿದ್ರೆ ಏನ್ ಹೇಳ್ತೀಯಾ?"

"ಯಾರ್ ಕೇಳಿದ್ರೂ ನಾನ್ ಹೇಳಲ್ಲಮ್ಮಾ."

"ಕಳ್ಳು ಕುಡಿದ್ರೆ ಎಲ್ಲಾ ಹೇಳ್ಬಿಡ್ತೀಯ. ಅಳಿಸು!"

ಗುರುತು ಬದಲಾಯಿತು, ಬಟ್ಟೆಗಳು ಅದಲು ಬದಲಾದವು, ರೋಗಿಯ ಹಾಸಿಗೆಗೆ ಯಾವನೋ ದಢೂತಿ ಸಾರ್ಜೆಂಟನ ಪೈಜಾಮ ಬಂದು ಬಿತ್ತು. "ಹೆಸರೂ ನಂದಲ್ಲ, ಪೈಜಾಮಾನೂ ನಂದಲ್ಲ," ಎಂದು ಎಜ್ರಾ ಅದರೊಳಗೆ ತೇಲುತ್ತ ನಕ್ಕ.

ನಾನು ಸಾಹೇಬರನ್ನು ಒಮ್ಮೆ ಕೇಳಿಯೇಬಿಟ್ಟೆ, ಎಲ್ಲವನ್ನೂ ಬಲ್ಲ ದೇವರು ಇಷ್ಟಕ್ಕೆ ಮೋಸಹೋದಾನೆಯೇ ಎಂದು. ಅವರು ಸಿಟ್ಟಾಗಲಿಲ್ಲ. "ದೇವ್ರಿಗೆ ಗೊತ್ತಿಲ್ದೇ ಇರೋದು ಏನಿದೆ ತಾಯಿ? ಆದ್ರೆ ತೀರ್ಪಾಗಿರೋದು ಎಜ್ರಾ ಮೇಲೆ. ಇವ್ನು ಹಯೀಮ್. ಇವ್ನ್ ಮೇಲೆ ಕೇಸೇ ಇಲ್ವಲ್ಲ!" ಶ್ರದ್ಧೆಯ ಈ ವೈಚಿತ್ರ್ಯವನ್ನು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ: ಭಗವಂತನನ್ನು ಸರ್ವಜ್ಞನೆಂದು ಹೊಗಳಿದ ಬಾಯಿಯಿಂದಲೇ, ಅವನ ಕಚೇರಿಯಲ್ಲಿ ಮಾತ್ರ ನಮ್ಮ ಮುನಿಸಿಪಾಲಿಟಿಯಲ್ಲಿರುವಂಥ ಗುಮಾಸ್ತರೇ ಇರಲಪ್ಪಾ, ವಿಳಾಸ ತಪ್ಪಿ ಹೋಗಲಪ್ಪಾ ಎಂದು ಬೇಡಿಕೊಳ್ಳುತ್ತೇವೆ. ನಗುವವರು ನಗಲಿ. ಪಾತ್ರೆ ತಟ್ಟಿ ಗಂಡನನ್ನು ಕಾಪಾಡುತ್ತಿದ್ದ ನನಗಂತೂ ನಗುವ ಯೋಗ್ಯತೆಯಿರಲಿಲ್ಲ.

ಎಲ್ಲರಿಗಿಂತ ಕಷ್ಟವಾದದ್ದು ಹನ್ನಾ ಬಾಯಿಗೆ. ಹುಟ್ಟಿದಂದಿನಿಂದ ಕರೆದ ಹೆಸರು ನಾಲಿಗೆಯ ತುದಿಗೆ ಬಂದುಬಿಡುತ್ತಿತ್ತು, "ಎ..." ಎಂದು ಶುರುಮಾಡಿ, ಬೆಚ್ಚಿ, "ಎಲ್ಲಿಟ್ಟೆ ಚಮಚ" ಎಂದು ಮುಗಿಸುವರು. ಹೆಸರಿಲ್ಲದೆ ಕರೆಯುವ ವಿದ್ಯೆಯನ್ನು ನಾನೇ ಅವರಿಗೆ ಕಲಿಸಿದೆ. ಬಳೆ ಸದ್ದು ಮಾಡುವುದು, ಕೆಮ್ಮುವುದು, ಗೋಡೆಗೆ ಹೇಳಿದಂತೆ "ಗಂಜಿ ಆರ್ತಾ ಇದೆ" ಎನ್ನುವುದು. ಪತಿವ್ರತೆಯ ಸಾಮಗ್ರಿಯೆಲ್ಲ ಒಬ್ಬ ತಾಯಿಯ ಉಪಯೋಗಕ್ಕೆ ಬಂತು.

ಆದರೆ ಎಜ್ರಾನಿಗೆ ನಗು ಬತ್ತುತ್ತ ಬಂತು. ಒಂದು ಮಧ್ಯಾಹ್ನ ಅವನ ತಾಯಿ ಹಿತ್ತಲಲ್ಲಿದ್ದಾಗ ನನಗೆ ಹೇಳಿದ: "ಅಕ್ಕಾ, ಹಯೀಮ್‌ಗೆ ಜ್ವರಾನೇ ಇಲ್ಲ. ಕಾಯಿಲೆ ಇರೋದು ಎಜ್ರಾಗೆ. ನೀವೆಲ್ಲಾ ಬೇರೆ ಯಾರ್ನೋ ನೋಡ್ಕೊಳ್ತಿದೀರ. ಹೋಗೋದ್ರೊಳ್ಗೆ ಅಮ್ಮ ಒಂದ್ಸಲ ನನ್ನನ್ನ ಕರೀಲಿ. ಅಷ್ಟೇ ಸಾಕು."

ನಾನು ಹಿತ್ತಲಿಗೆ ಹೋಗಿ ಅದನ್ನು ಹಾಗೆಯೇ ಒಪ್ಪಿಸಿದೆ. ಹನ್ನಾ ಬಾಯಿ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ನಂಗೂ ಹೇಳ್ದ. ಆದ್ರೆ ನಾನ್ ಕರೆದ್ರೆ ಅವ್ನು ಓ ಅಂತಾನೆ. ಅದನ್ನ ಇನ್ಯಾರಾದ್ರೂ ಕೇಳಿಸ್ಕೊಂಡ್ಬಿಟ್ರೆ? ನನ್ನ ಕೈಯಾರೆ ಹಿಡ್ಕೊಟ್ಟ ಹಾಗಾಗಲ್ವಾ?" ಮಗನ ಕೊನೆಯ ಆಸೆಗೂ ಮಗನ ಉಸಿರಿಗೂ ನಡುವೆ ಆ ತಾಯಿ ಸಿಕ್ಕಿಕೊಂಡಿದ್ದರು, ಮತ್ತು ನನಗೆ ಅವರ ಮೇಲೆ ಹೇಳಲಾರದಷ್ಟು ಮರುಕವಾಯಿತು.

ಅದೊಂದು ಶುಕ್ರವಾರ ಸಂಜೆ, ಸೂರ್ಯ ಮುಳುಗುವುದಕ್ಕೆ ಮುಂಚೆ ಹಚ್ಚಬೇಕಾದ, ತಮ್ಮ ಶನಿವಾರದ ವ್ರತವಾದ ಸಬ್ಬತ್ತಿನ ದೀಪಕ್ಕೆ ಹನ್ನಾ ಬಾಯಿ ಎಣ್ಣೆ ಎರೆಯುತ್ತಿದ್ದರು. ಎಜ್ರಾ ಬೆಳಗಿನಿಂದ ಕಣ್ಣು ತೆರೆದಿರಲಿಲ್ಲ. ಸಾಹೇಬರು ಅವನ ಕಿವಿಯ ಹತ್ತಿರ ಬಾಗಿ "ಹಯೀಮ್, ಹಯೀಮ್" ಎಂದರು. ಅಲುಗಾಡಲಿಲ್ಲ. ನಮ್ಮತ್ತೆ, "ಲೋ ಗುಂಡಾ, ನೋಡೋ ಇಲ್ಲಿ" ಎಂದರು. ಅದಕ್ಕೂ ಇಲ್ಲ. ನಾನು ಅಭ್ಯಾಸಬಲದಿಂದ ಬಳೆಗಳನ್ನು ಸದ್ದು ಮಾಡಿದೆ. ಆ ಗಳಿಗೆಯಲ್ಲಿ ಅದೆಷ್ಟು ಹಾಸ್ಯಾಸ್ಪದವಾಗಿತ್ತೆಂದರೆ ನನಗೇ ನಾಚಿಕೆಯಾಯಿತು.

ಹನ್ನಾ ಬಾಯಿ ಎಣ್ಣೆಯ ಗಿಂಡಿಯನ್ನು ಕೆಳಗಿಟ್ಟರು. ಕೈ ಒರೆಸಿಕೊಂಡು ಬಂದು ಮಂಚದ ಪಕ್ಕ ನಿಂತು, ಪಿಸುಗುಡದೆ, ಮೈದಾನದಲ್ಲಿ ಆಡುತ್ತಿರುವ ಹುಡುಗನನ್ನು ಊಟಕ್ಕೆ ಕೂಗುವ ದನಿಯಲ್ಲಿ ಕರೆದರು.

"ಎಜ್ರಾ!"

ಕಿಟಕಿಗಳೆಲ್ಲ ತೆರೆದಿದ್ದವು. ಬೀದಿಗೆ ಬೀದಿಯೇ ಕೇಳಿಸಿಕೊಂಡಿರಬೇಕು.

"ಓ, ಅಮ್ಮಾ" ಎಂದ ಅವನು. ಕಣ್ಣು ತೆರೆಯಲಿಲ್ಲ, ತುಟಿ ಮಾತ್ರ ಅಗಲವಾಯಿತು.

ಸಾಹೇಬರು ಮುಖ ಮುಚ್ಚಿಕೊಂಡರು. ನಾನು ಹೆದರಿ ಅತ್ತೆಯ ಕಡೆ ತಿರುಗಿದೆ. ಆ ಹೆಸರಿಗಾಗಿ ಹಾಲಿನವಳನ್ನು ಬಾಗಿಲಲ್ಲೇ ತಡೆದವರು, ಅಗಸನನ್ನು ಓಡಾಡಿಸಿದವರು. ಅವರು ಸೆರಗಿನಿಂದ ಮೂಗೊರೆಸಿಕೊಂಡು ಹನ್ನಾ ಬಾಯಿಯ ಬೆನ್ನ ಮೇಲೆ ಕೈಯಿಟ್ಟರು.

"ಇನ್ನೊಂದ್ಸಲ ಕರೀರಿ," ಎಂದರು. "ಕೇಳಿಸ್ಕೊಳ್ತಿದಾನೆ."