ಖಾಲಿ ಓಡಿದ ಬಸ್ಸು

ಗೆಳೆಯರೇ, ನಮ್ಮ ಕುಲಗೋಡದಿಂದ ಗೋಕಾಕಕ್ಕೆ ಇವತ್ತು ಬೆಳಿಗ್ಗೆ ಕೊನೆಗೂ ಎರಡನೇ ಬಸ್ಸು ಬಂತು. "ಬೆಂಗಳೂರಾಗ ಮೆಟ್ರೊಕ್ಕ ಡಬ್ಬಿ ಹೆಚ್ಚ ಮಾಡ್ತಾರ, ನಮಗೊಂದು ಬಸ್ ಬ್ಯಾಡೇನ್ರಿ?" ಎಂದು ಡಿಪೋದಲ್ಲಿ ಜಗಳವಾಡಿ ಅದನ್ನು ತರಿಸಿದವರು ನಮ್ಮ ಓಣಿಯ ಗಂಗವ್ವ ಕಾಕು. ನೋಡಿದರೆ, ಅವರೇ ಮೊದಲನೇ ಬಸ್ಸಿನಲ್ಲಿ ನಮ್ಮೊಂದಿಗೆ ಜೋತುಬಿದ್ದು ನಿಂತಿದ್ದರು.

"ಹಿಂದಿನ ಬಸ್ ಖಾಲಿ ಐತ್ರಿ ಕಾಕು, ಆರಾಮ ಕುಂತು ಬರ್ರಿ" ಎಂದೆ.

"ಅಲ್ಲಿ ಮಾತಾಡಾಕ ಯಾರದಾರ?"

ಮುಂದಿನ ನಿಲ್ದಾಣದಲ್ಲಿ ಹಿಂದಿನ ಬಸ್ಸಿನ ಕಂಡಕ್ಟರ್ ಓಡಿ ಬಂದ. "ಹಿಂಗ ಖಾಲಿ ಓಡಿದ್ರ ನಾಳಿಂದ ಬಂದ್ ಮಾಡ್ತಾರ್ರಿ" ಎಂದ.

ಕಾಕು ಗಾಬರಿಯಾದರು. "ಇಳೀರಿ ಎಲ್ಲಾರೂ" ಎಂದರು. ಒಬ್ಬರೂ ಉಳಿಯದೆ ಇಳಿದು ಹಿಂದಿನ ಬಸ್ಸಿಗೆ ನುಗ್ಗಿದೆವು.

ನಾನು ಒಂಟಿಗಾಲಲ್ಲಿ ನಿಂತೇ ಗೋಕಾಕ ಮುಟ್ಟಿದೆ. ನಮ್ಮ ಮುಂದೆ ಮೊದಲನೇ ಬಸ್ಸು ಖಾಲಿಯಾಗಿ ಹಾಯಾಗಿ ಓಡುತ್ತಿತ್ತು.

ಮೂರನೇ ಬಸ್ಸು ಕೇಳಬೇಕು ಎನ್ನುತ್ತಿದ್ದಾರೆ ಕಾಕು.